ಗೆರೆ ಎದ್ದ ಮೂಲೆ

ಗೋಗಿ
22 ಜುಲೈ 2025

ಶಾಂಭವಿ ಅಕ್ಕೋರಿಗೆ, ಹೈಸ್ಕೂಲಿನ ಬಿಸಿಯೂಟದ ಹಂಪಮ್ಮ ಮಾಡುವ ಶರಣು.

ಪತ್ರದ ಮೊದಲಿಗೆ ನಾವೆಲ್ಲ ಕ್ಷೇಮ ಎಂದು ಬರೆಯಬೇಕಂತೆ. ಹಾಗೆ ಬರೆದರೆ ನೀವು ನಗುತ್ತೀರಿ. ನಾನು ಯಾವತ್ತು ಕ್ಷೇಮ ಇದ್ದೆ ಹೇಳಿರಿ. ಕುಕ್ಕರು ಕೂಗಿದರೆ ಯಾಕೆ ಕೂಗಿತು ಎಂದು ಚಿಂತೆ, ಕೂಗದಿದ್ದರೆ ಯಾಕೆ ಕೂಗಲಿಲ್ಲ ಎಂದು ಚಿಂತೆ. ಈಗ ನೀವು ಹಡೆದು ಸುರಪುರದ ತವರುಮನೆಯಲ್ಲಿ ಮಲಗಿದ್ದೀರಿ. ಅಲ್ಲಿ ತಣ್ಣೀರು ಮುಟ್ಟಿದಿರೇನೋ, ಗಾಳಿಗೆ ಕಿವಿ ಬಿಟ್ಟಿರೇನೋ ಎಂದು ಇಲ್ಲಿ ನಾನು ಒಲೆಯ ಮುಂದೆ ಕೂತು ನೆನೆಸುತ್ತೇನೆ.

ಬಾಣಂತಿಯ ಕಣ್ಣಿಗೆ ಮೊಬೈಲು ಕೂಡದೆಂದು ನಿಮ್ಮವ್ವ ಗುರುಲಿಂಗಮ್ಮನವರು ಫೋನು ಎತ್ತಿಟ್ಟಿದ್ದಾರಂತೆ. ಒಳ್ಳೆಯದೇ ಆಯಿತು. ಹೋಗುವ ದಿನ ನೀವೇ ಹೇಳಿದ್ದಿರಿ, "ಕಾಗದ ಬರಿ ಹಂಪಕ್ಕ, ನಿನ್ನ ಕೈಯೂ ತಿರುಗತೈತಿ, ನನಗೂ ಸಾಲಿ ಸುದ್ದಿ ಸಿಗತೈತಿ" ಅಂತ. ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟ ಕೈ ಇದು. ಒತ್ತಕ್ಷರ ಬಿದ್ದುಹೋಗಿದ್ದರೆ ಎತ್ತಿಕೊಂಡು ಓದಿರಿ.

ಶಾಲೆಯ ಸುದ್ದಿ ಬರೆಯುತ್ತೇನೆ. ನಿಮ್ಮ ಜಾಗಕ್ಕೆ ವಿಜ್ಞಾನ ಕಲಿಸಲು ಬಂದ ಅತಿಥಿ ಸರ್ ಒಳ್ಳೆಯವರು, ಆದರೆ ಶಾಲೆಯ ಟ್ಯಾಬುಗಳೆಂದರೆ ನನ್ನ ಹಾಗೆಯೇ ಹೆದರುತ್ತಾರೆ. ಒಡೆದರೆ ಯಾರು ಜವಾಬ್ದಾರಿ ಎಂದು ಕಪಾಟಿಗೆ ಕೀಲಿ ಹಾಕಿದ್ದರು. ಒಂಬತ್ತನೇ ಇಯತ್ತೆಯ ಪಂಚಶೀಲಾ ಬಿಡಲಿಲ್ಲ. "ಸರ್ರ, ಪಾಠದಾಗ ಓದಿದ್ದು ಪಾಠದಾಗ ಉಳೀತೈತ್ರಿ. ಕೈಯಾಗ ಕೊಟ್ಟು ನೋಡ್ರಿ" ಎಂದು ದಿನಾ ಗಂಟುಬಿದ್ದು ಕೊನೆಗೆ ತೆಗೆಸಿದಳು.

ಹೋದ ವರ್ಷ ಪ್ರಯೋಗಕ್ಕೆಂದು ನೀವು ಟ್ಯಾಬನ್ನು ಮೇಲಿನಿಂದ ಬೀಳಿಸಿದ ದಿನ ನೆನಪಿದೆಯೇ? ನಾಲ್ಕು ಹುಡುಗಿಯರು ನನ್ನ ಹಳೆಯ ಕೌದಿಯ ಮೂಲೆಗಳನ್ನು ಎಳೆದು ಹಿಡಿದಿದ್ದರು. ಟ್ಯಾಬಿನ ಗಾಜಿನ ಮೇಲೆ ಓಡುತ್ತಿದ್ದ ಗೆರೆ ಬೀಳುವಾಗ ಸೊನ್ನೆಗೆ ಇಳಿದಿತ್ತೆಂದು ತೋರಿಸಿದಿರಿ. "ಅಯ್ಯ, ಸತ್ತಿತ್ರೀ ಅದು" ಎಂದು ನಾನು ಕಿರುಚಿದ್ದೆ. ಆಗ ನೀವು ಹೇಳಿದ್ದಿರಿ, "ಸತ್ತಿಲ್ಲ ಹಂಪಕ್ಕ. ಹಿಡದಾಗ ಕೈಯಿನ ಒತ್ತು ಅದಕ್ಕ ತಿಳೀತೈತಿ. ಬಿಟ್ಟಾಗ ಯಾರ ಒತ್ತೂ ಇಲ್ಲ, ಅದಕ್ಕ ಸೊನ್ನಿ." ಇಡೀ ತರಗತಿ ನಕ್ಕಿತು. ಪಾತ್ರೆ ತೊಳೆದಾದ ಮೇಲೆ ಹಿಂದಿನ ಬೆಂಚಿನಲ್ಲಿ ಬಂದು ಕೂಡು ಎಂದು ನನಗೆ ಹೇಳಿದವರು ಈ ಭೂಮಿಯ ಮೇಲೆ ನೀವೊಬ್ಬರೇ. ಆ ಬೆಂಚಿನ ಋಣ ನನ್ನ ತಲೆಯ ಮೇಲಿದೆ.

ಈ ವಾರ ದಿಕ್ಕಿನ ಪ್ರಯೋಗ ಮಾಡಿದರು. ನನ್ನ ಹೊಲಿಗೆಯ ಸೂಜಿಗಳನ್ನು ಕೇಳಿ ಒಯ್ದು, ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ತಿಕ್ಕಿ, ಥರ್ಮಾಕೋಲ್ ಚೂರಿನ ಮೇಲಿಟ್ಟು ಹಿಟ್ಟು ನಾದುವ ನನ್ನ ಪರಾತದ ನೀರಿನಲ್ಲಿ ತೇಲಿಬಿಟ್ಟರು. ಎಲ್ಲ ಸೂಜಿಗಳೂ ತಿರುತಿರುಗಿ ಒಂದೇ ಕಡೆಗೆ ನಿಂತವು. ಟ್ಯಾಬಿನಲ್ಲಿ ಅಯಸ್ಕಾಂತ ಅಳೆಯುವ ಆ್ಯಪ್ ಇದೆಯಂತೆ, ಅದನ್ನು ತೆರೆದು ಹತ್ತಿರ ಒಯ್ದರೆ ಗೆರೆ ಮೇಲೇಳುತ್ತಿತ್ತು, ದೂರ ಒಯ್ದರೆ ಮಲಗುತ್ತಿತ್ತು. ಅಯಸ್ಕಾಂತ ಮುಟ್ಟಿದ ಸೂಜಿಯಿಂದ ಹೊಲಿದರೆ ಬಟ್ಟೆಗೆ ಏನಾದರೂ ಆದೀತೇ ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನೀವೂ ನಗಬೇಡಿರಿ.

ಯಾಕೆಂದರೆ ಅದೇ ಸೂಜಿಗಳಿಂದ ನಿಮ್ಮ ಕೂಸಿನ ಕೌದಿ ಮುಗಿಸಿದೆ. ಸುರಪುರಕ್ಕೆ ಜನ ಒಯ್ಯುವ ಕ್ರೂಸರ್ ಗಾಡಿಯ ಭೀಮುವಿನ ಕೈಯಲ್ಲಿ ಇವತ್ತು ಕಳಿಸುತ್ತಿದ್ದೇನೆ. ಕೆಂಪು ಅಂಚು ಹಾಕಿದ್ದೇನೆ. ನಡುವೆ ನನ್ನ ಮದುವೆಯ ಸೀರೆಯ ಸೆರಗು, ಬಲಕ್ಕೆ ನೆರೆಮನೆಯ ಮಮ್ತಾಜಳ ದುಪ್ಪಟ್ಟಾ, ಎಡಕ್ಕೆ ಪಂಚಶೀಲಾ ಚಿಕ್ಕವಳಿದ್ದಾಗ ಹಾಕುತ್ತಿದ್ದ ಹಳದಿ ಫ್ರಾಕು, ಉಳಿದ ಕಡೆ ಶಾಲೆಯ ಹುಡುಗರ ಹಳೇ ಸಮವಸ್ತ್ರ. ಎಲ್ಲವೂ ತೊಳೆದು ತೊಳೆದು ಬೆಣ್ಣೆಯಂತಾದ ಅರಿವೆ. ಕೌದಿ ಹಸಿದ ಹೊಟ್ಟೆಯಲ್ಲಿ ಇರಬಾರದೆಂದು ನಮ್ಮವ್ವ ಹೇಳುತ್ತಿದ್ದಳು. ಅದಕ್ಕೆ ಕೊನೆಯ ಮೂಲೆ ಮುಚ್ಚುವ ಮೊದಲು ಒಣರೊಟ್ಟಿಯ ಚೂರು ಇಟ್ಟಿದ್ದೇನೆ. ಭೀಮು ಹಾರ್ನ್ ಬಾರಿಸಿ ಬಾರಿಸಿ, "ಹಂಪಕ್ಕ, ಲಗೂ ಬಾ ಬೇ, ಸೀಟ್ ತುಂಬ್ಯಾವ" ಎಂದು ಪ್ರಾಣ ತಿಂದ. ಆ ಮೂಲೆಯ ಹೊಲಿಗೆ ಸೊಟ್ಟ ಆಗಿದೆ. ಮನ್ನಿಸಿರಿ.

ಕೂಸಿಗೆ ದೃಷ್ಟಿ ತೆಗೆಯಲು ಮರೆಯಬೇಡಿರಿ.

ನಿಮ್ಮ
ಹಂಪಮ್ಮ


ಸುರಪುರ
30 ಜುಲೈ 2025

ಹಂಪಕ್ಕಾ,

ನಿನ್ನ ಒತ್ತಕ್ಷರಗಳೆಲ್ಲ ನಿಂತಲ್ಲೇ ನಿಂತಿವೆ, ಒಂದೂ ಬಿದ್ದಿಲ್ಲ. ಅತಿಥಿ ಸರ್‌ಗಿಂತ ನಿನ್ನ ವರದಿ ಚೆನ್ನಾಗಿದೆ ಎಂದರೆ ನೀನು ಅದಕ್ಕೂ ಚಿಂತೆ ಮಾಡುತ್ತೀ, ಆದರೂ ಹೇಳುತ್ತೇನೆ.

ಇಲ್ಲಿ ನನ್ನ ಸ್ಥಿತಿ ಕೇಳಬೇಡ. ಕಿವಿಗೆ ಅರಳೆ, ತಲೆಗೆ ಟವೆಲ್, ಮಂಚದ ಕೆಳಗೆ ಕೆಂಡದ ಬುಟ್ಟಿ. ಫೋನು ಅವ್ವನ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಅವ್ವನ ಸೊಂಟದಲ್ಲಿ. "ಅವ್ವ, ಕಾಗದ ಬರದ್ರೂ ಕಣ್ಣಿಗೆ ಒತ್ತು ಬೀಳತೈತಲ್ಲ?" ಎಂದರೆ, "ಕಾಗದ ಮಿಣುಕ್ ಮಿಣುಕ್ ಅನ್ನಂಗಿಲ್ಲ, ಬರಿ" ಎನ್ನುತ್ತಾಳೆ. ಭೌತಶಾಸ್ತ್ರ ಓದಿದ ನಾನು ಆಕೆಯ ತೀರ್ಪಿನಂತೆ ಬರೆಯುತ್ತಿದ್ದೇನೆ.

ಕೂಸಿಗೆ ಉಮಾ ಎಂದು ಹೆಸರಿಟ್ಟೆವು. ಕೌದಿ ಬಂತು. ಎಂಥ ಚಂದದ ಕೌದಿ, ಹಂಪಕ್ಕಾ! ಆ ಹಸಿರು ಅಂಚಂತೂ ನೋಡಿದಷ್ಟೂ ಸಾಲದು. ಉಮಾ ರಾತ್ರಿ ಹಗಲು ಅದರ ಮೇಲೆಯೇ ಮಲಗುತ್ತಾಳೆ. ಅವ್ವನಿಗೂ ಬಹಳ ಸೇರಿತು. ಸೊಟ್ಟ ಹೊಲಿಗೆ ಎಲ್ಲೂ ಕಾಣಲಿಲ್ಲ.

ಪಂಚಶೀಲಾಗೆ ಹೇಳು, ಟ್ಯಾಬಿನಲ್ಲಿ ಅಯಸ್ಕಾಂತವನ್ನು ಅಳೆಯುವ ಭಾಗ ಇಡೀ ಹಲಗೆಯ ತುಂಬ ಇರುವುದಿಲ್ಲ, ಎಲ್ಲೋ ಒಂದು ಕಡೆ ಸಾಸಿವೆಯಷ್ಟು ಇರುತ್ತದೆ. ಅದು ಎಲ್ಲಿದೆ ಎಂದು ಸೂಜಿಯನ್ನೇ ಸರಿಸುತ್ತ ಹುಡುಕಲಿ. ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ, ಆಕೆಯೇ ಕಂಡುಕೊಳ್ಳಬೇಕು.

ನೀನು ನನಗೆ ಋಣ ಎಂದು ಬರೆದಿದ್ದೀ. ಮೊದಲನೆಯ ಸಲ ಆ ಟ್ಯಾಬನ್ನು ಕೈಬಿಡುವಾಗ ನಾನು ನಿನಗಿಂತ ಹೆಚ್ಚು ಹೆದರಿದ್ದೆ. ನಿನ್ನ ಕೌದಿ ಕೆಳಗಿತ್ತೆಂದು ಬಿಟ್ಟೆ. ಲೆಕ್ಕ ಸರಿಹೋಯಿತು.

ಶಾಂಭವಿ


ಗೋಗಿ
4 ಆಗಸ್ಟ್ 2025

ಶಾಂಭವಿ ಅಕ್ಕೋರಿಗೆ ಹಂಪಮ್ಮನ ಶರಣು.

ಹೇಗೆ ಬರೆಯಲಿ ತಿಳಿಯದು. ಸೂಜಿ ಡಬ್ಬಿಯಲ್ಲಿ ಒಂದು ಸೂಜಿ ಕಡಿಮೆ ಇದೆ. ಕೌದಿ ಹೊಲಿಯುವ ಉದ್ದ ಸೂಜಿ. ಮನೆಯೆಲ್ಲ ಗುಡಿಸಿದೆ, ಹಾಸಿಗೆ ಝಾಡಿಸಿದೆ, ಶಾಲೆಯ ಅಡುಗೆಕೋಣೆಯ ಮೂಲೆಮೂಲೆ ನೋಡಿದೆ, ಪಂಚಶೀಲಾಳನ್ನು ಕೇಳಿದೆ. "ಎಲ್ಲಾ ಕೊಟ್ಟೀನಲ್ಲ ಹಂಪಕ್ಕ, ಕಾಗದದಾಗ ಸುತ್ತಿ" ಎಂದಳು. ಹೌದು, ಕೊಟ್ಟಿದ್ದಳು. ಭೀಮು ಹಾರ್ನ್ ಹೊಡೆದಾಗ ರೊಟ್ಟಿಚೂರು ಇಟ್ಟೆ, ಸೂಜಿಯನ್ನು ಅರಿವೆಗೆ ಚುಚ್ಚಿ ನಿಲ್ಲಿಸಿ ದಾರ ಹುಡುಕಿದೆ, ಬೇರೆ ಸೂಜಿಗೆ ದಾರ ಪೋಣಿಸಿದ್ದಿತ್ತು, ಅದರಿಂದಲೇ ಮೂಲೆ ಮುಚ್ಚಿದೆ. ಮೊದಲನೆಯದನ್ನು ತೆಗೆದೆನೋ ಇಲ್ಲವೋ ನೆನಪಿಲ್ಲ ಅಕ್ಕೋರೆ. ಎಷ್ಟು ನೆನೆದರೂ ಆ ಒಂದು ಗಳಿಗೆ ನೆನಪಾಗುವುದಿಲ್ಲ. ನಿಮ್ಮ ಕೂಸು ಅದರ ಮೇಲೆ

ಇಲ್ಲಿಯವರೆಗೆ ಬರೆದು ಓದಿದೆ. ಇದನ್ನು ಕಳಿಸಲಾರೆ. ಹಸಿ ಬಾಣಂತಿ ಇದನ್ನು ಓದಿದರೆ ಹೆದರಿಕೆಗೆ ಎದೆಯ ಹಾಲು ಬತ್ತೀತು. ಸೂಜಿ ಅಲ್ಲಿ ಇಲ್ಲದೇ ಇದ್ದರೆ ಸುಮ್ಮನೆ ಒಂದು ಕೂಸಿನ ಹಾಲು ಕೆಡಿಸಿದ ಪಾಪ ನನಗೆ. ಬೇರೆ ಬರೆಯುತ್ತೇನೆ.


ಗೋಗಿ
4 ಆಗಸ್ಟ್ 2025

ಶಾಂಭವಿ ಅಕ್ಕೋರಿಗೆ ಹಂಪಮ್ಮನ ಶರಣು.

ಉಮಾ ಎಂಬ ಹೆಸರು ಬಾಯಿತುಂಬ ಇದೆ. ನಿಮ್ಮ ಪತ್ರವನ್ನು ಪಂಚಶೀಲಾ ತರಗತಿಯಲ್ಲಿ ಓದಿದಳು. ಸಾಸಿವೆಯಷ್ಟು ಜಾಗ ಹುಡುಕುವ ಕೆಲಸ ನಡೆದಿದೆ.

ಒಂದು ಸಣ್ಣ ಮಾತು. ಕೌದಿಯ ಆ ಸೊಟ್ಟ ಮೂಲೆ ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಅದನ್ನು ಮಡಚಿ ಭೀಮುವಿನ ಕೈಯಲ್ಲಿ ಕಳಿಸಿಬಿಡಿರಿ, ಬಿಚ್ಚಿ ಚೆನ್ನಾಗಿ ಹೊಲಿದು ತಿರುಗಿ ಕಳಿಸುತ್ತೇನೆ. ಅಲ್ಲಿಯತನಕ ಕೂಸನ್ನು ನಿಮ್ಮ ಹಳೇ ಸೀರೆಯ ಮೇಲೆ ಮಲಗಿಸಿರಿ. ಅದೂ ಮೆತ್ತಗಿರುತ್ತದೆ. ಬೇಗ ಕಳಿಸಿರಿ. ಬಹಳ ಬೇಗ.

ಇನ್ನೊಂದು. ನಾನು ಹಾಕಿದ್ದು ಕೆಂಪು ಅಂಚು. ನೀವು ಹಸಿರು ಎಂದು ಬರೆದಿದ್ದೀರಿ. ಬಾಣಂತನದಲ್ಲಿ ಕಣ್ಣು ಮಂಜಾಗುವುದುಂಟು. ನಿಮ್ಮವ್ವ ಫೋನು ಎತ್ತಿಟ್ಟದ್ದೇ ಸರಿ. ನುಗ್ಗೆಸೊಪ್ಪು ತಿನ್ನಿರಿ.

ನಾನು ಚೆನ್ನಾಗಿದ್ದೇನೆ. ಈಗ ಶಾಲೆಯ ಅಕ್ಕಿಯನ್ನು ಎರಡೆರಡು ಸಲ ಆರಿಸುತ್ತೇನೆ, ಯಾಕೆಂದು ಕೇಳಬೇಡಿರಿ.

ಹಂಪಮ್ಮ


ಸುರಪುರ
9 ಆಗಸ್ಟ್ 2025

ಹಂಪಕ್ಕಾ,

ಕೌದಿ ವಾಪಸು ಕಳಿಸುವುದಿಲ್ಲ. ಕೊಟ್ಟದ್ದನ್ನು ಕೇಳುವವಳಲ್ಲ ನೀನು. ಭೀಮು ಏನಾದರೂ ಹೇಳಿದನೇ? ಅಂದು ಬಾಗಿಲಲ್ಲಿ ನಿಂತು ಅವನು ಏನು ಕೇಳಿಸಿಕೊಂಡನೋ, ಅದಕ್ಕೆ ಎಷ್ಟು ಉಪ್ಪುಖಾರ ಹಚ್ಚಿದನೋ. ಅವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ದೊಡ್ಡವರು ಒಂದೊಂದು ಸಲ ಏನೋ ಅಂದುಬಿಡುತ್ತಾರೆ.

ನನ್ನನ್ನು ನಂಬು. ಆ ಕೌದಿ ಇಲ್ಲದೆ ಉಮಾ ಕಣ್ಣು ಮುಚ್ಚುವುದಿಲ್ಲ. ನೀನು ಸೊಟ್ಟ ಎನ್ನುವ ಆ ಮೂಲೆಯೇ ಆಕೆಗೆ ಪ್ರೀತಿ, ಅದನ್ನೇ ಬಾಯಿಗೆ ಇಟ್ಟುಕೊಂಡು ಚೀಪುತ್ತಾಳೆ. ಇನ್ನೇನು ಬೇಕು ನಿನಗೆ?

ಅಂಚು ಕೆಂಪೇ, ನಾನೇ ತಪ್ಪಿ ಬರೆದೆ. ನುಗ್ಗೆಸೊಪ್ಪು ಮೂರು ಹೊತ್ತೂ ತಿನ್ನುತ್ತಿದ್ದೇನೆ.

ಹದಿನೈದನೇ ತಾರೀಖು ಧ್ವಜಕ್ಕೆ ಹುಡುಗಿಯರು ಏನು ಹಾಡುತ್ತಾರೆ ಬರಿ. ಶಾಲೆಯ ಗಂಟೆಯ ಸಪ್ಪಳ ಕೇಳದೆ ಕಿವಿ ಬರಿದಾಗಿದೆ, ಅರಳೆ ಇದ್ದರೂ.

ಶಾಂಭವಿ


ಗೋಗಿ
15 ಆಗಸ್ಟ್ 2025

ಅಕ್ಕೋರೆ, ಮೊದಲು ಕೂಸನ್ನು ಕೌದಿಯ ಮೇಲಿಂದ ಎತ್ತಿರಿ. ಎತ್ತಿ ಬೇರೆ ಕಡೆ ಮಲಗಿಸಿ ಬಂದ ಮೇಲೆ ಮುಂದಿನ ಸಾಲು ಓದಿರಿ.

ಎತ್ತಿದಿರಾ? ಆ ಕೌದಿಯೊಳಗೆ ಸೂಜಿ ಉಳಿದಿದೆ ಎಂದು ನನಗೆ ಅನುಮಾನ. ಸೊಟ್ಟ ಮೂಲೆಯಲ್ಲಿ ಇರಬಹುದು, ಸರಿದು ಬೇರೆ ಕಡೆಗೂ ಹೋಗಿರಬಹುದು. ಹೆದರಿಕೆಗೆ ನಿಮ್ಮ ಹಾಲು ಬತ್ತೀತೆಂದು ಹೇಳದೆ, ಹೊಲಿಗೆ ಸರಿ ಇಲ್ಲ ಎಂಬ ನೆಪ ಬರೆದೆ. ಮೂಲೆಯನ್ನು ಕೂಸು ಚೀಪುತ್ತದೆ ಎಂದು ನೀವು ಬರೆದದ್ದು ಮೊನ್ನೆ ಕೈಗೆ ಬಂತು. ಅವತ್ತಿನಿಂದ ನಾನು ಅನ್ನ ಮುಟ್ಟಿಲ್ಲ.

ನಿನ್ನೆ ಸಂಜೆ ಧೈರ್ಯ ಮಾಡಿ ನಿಮ್ಮವ್ವನ ಫೋನಿಗೆ ಹಚ್ಚಿದೆ. ನಡೆದ ಮಾತು ಹಾಗೆಯೇ ಬರೆಯುತ್ತೇನೆ.

"ನಾನ್ರೀ, ಗೋಗಿ ಹಂಪಮ್ಮ. ಅಕ್ಕೋರು ಅದಾರೇನ್ರಿ?"

"ಮಲಗ್ಯಾಳ. ಏನ್ ಹೇಳು."

"ಕೂಸು ಹ್ಯಾಂಗೈತ್ರಿ?"

"ಹ್ಯಾಂಗಿರತೈತಿ? ಸೂಜಿ ಚುಚ್ಚಿ ತೊಡಿ ಬಾತೈತಿ. ಮೈ ಕೆಂಡ ಆಗೈತಿ. ಅತ್ತ ಅತ್ತ ಈಗ ಕಣ್ಣ ಮುಚ್ಯಾಳ."

"ಆ ಸೂಜಿ ಈಗ ಎಲ್ಲೈತ್ರೀ ಅವ್ವ?" ಎಂದೆ.

"ಎಲ್ಲೈತಿ ಅಂದ್ರ? ಒಳಗ ಹೋತಲ್ಲ! ಹೋದದ್ದು ಹೊರಗ ಬರತೈತೇನು? ದೀಪ ಹಚ್ಚೂ ಹೊತ್ತಿನ್ಯಾಗ ಸೂಜಿ ಸೂಜಿ ಅನಬ್ಯಾಡ, ಇಡು."

ಇಟ್ಟುಬಿಟ್ಟರು. ತಿರುಗಿ ಹಚ್ಚಿದರೆ ಸ್ವಿಚ್ ಆಫ್. ಇಂದು ಬೆಳಿಗ್ಗೆಯೂ ಹಾಗೆಯೇ ಇದೆ. ಸೂಜಿ ಕೂಸಿನ ಒಳಗೆ ಹೋಗಿದ್ದರೆ ಯಾವ ಆಸ್ಪತ್ರೆಗಾದರೂ ಒಯ್ಯಿರಿ, ನನ್ನನ್ನು ಏನಾದರೂ ಮಾಡಿರಿ. ಆದರೆ ಪಂಚಶೀಲಾ ಬೇರೆ ಹೇಳುತ್ತಾಳೆ. ಧ್ವಜದ ಕಟ್ಟೆಯ ಹಿಂದೆ ನಾನು ಅಳುತ್ತ ಕೂತದ್ದನ್ನು ಕಂಡು ಬಂದಳು. ಎಲ್ಲ ಕೇಳಿ, "ಅವರಿಗೆ ಗೊತ್ತಾಗಿ ಹಂಗಂದಾರೋ, ಬ್ಯಾರೆ ಏನರ ಅಂದಾರೋ? ಮೊದಲ ಸೂಜಿ ಕೌದ್ಯಾಗ ಐತೋ ಇಲ್ಲೋ ನೋಡಬೇಕು" ಎಂದಳು.

"ಹ್ಯಾಂಗ ನೋಡ್ತಾರ ಅವರು? ಪದರ ಪದರ ಬಿಚ್ಚಬೇಕಲ್ಲ" ಎಂದೆ.

"ಯಾಕ ಬಿಚ್ಚಬೇಕು? ಆ ಸೂಜಿಗೆ ನಾವು ಅಯಸ್ಕಾಂತ ತಿಕ್ಕೀವಿ. ಎಲ್ಲಿದ್ರೂ ತನ್ನ ಹೆಸರ ತಾನ ಹೇಳತೈತಿ. ಅಳೂದು ಆಮ್ಯಾಲ, ಏಳು."

ಸರ್ ತಾವಾಗಿಯೇ ಕಪಾಟು ತೆಗೆದು ಟ್ಯಾಬು ಕೊಟ್ಟರು. ಬೀಳಿಸುವ ಪ್ರಯೋಗದ ಹಳೇ ಕೌದಿಯಲ್ಲಿ ಒಬ್ಬಳು ಸೂಜಿ ಬಚ್ಚಿಟ್ಟಳು, ಉಳಿದವರು ಗೋಡೆಗೆ ಮುಖ ಮಾಡಿ ನಿಂತರು. ಮೊದಲು ಬೆಂಚಿನ ಮೇಲೆ ಹಾಸಿದರು. ಗೆರೆ ಎಲ್ಲ ಕಡೆಯೂ ಕುಣಿಯಿತು, ಬೆಂಚಿನ ಕಾಲು ಕಬ್ಬಿಣದ್ದು. ಆಮೇಲೆ ಪರಸಿ ಕಲ್ಲಿನ ನೆಲಕ್ಕೆ ಹಾಸಿದರು. ಆಗಲೂ ನಾನು ಬಗ್ಗಿದಾಗಲೆಲ್ಲ ಗೆರೆ ಏಳುತ್ತಿತ್ತು. "ಹಂಪಕ್ಕ, ನಿನ್ನ ಕುಪ್ಪಸದ ಪಿನ್ನ ತೆಗಿ ಬೇ, ನೀನ ಸೂಜಿ ಆಗೀದಿ" ಎಂದು ನಕ್ಕರು. ಆ ಹೊತ್ತಿನಲ್ಲೂ ನನಗೆ ನಗು ಬಂತು. ಪಿನ್ನು ತೆಗೆದೆ. ಗೆರೆ ಮಲಗಿತು. ಪಂಚಶೀಲಾ ಟ್ಯಾಬನ್ನು ಇಸ್ತ್ರಿ ಮಾಡುವ ಹಾಗೆ ಕೌದಿಯ ಮೇಲೆ ಸರಿಸುತ್ತ ಹೋದಳು. ಒಂದು ಕಡೆ ಗೆರೆ ಹೆಡೆ ಎತ್ತಿದಂತೆ ಎದ್ದಿತು. ಬಿಚ್ಚಿದರೆ ಸೂಜಿ ಅಲ್ಲೇ! ಮೂರು ಸಲ ಬಚ್ಚಿಟ್ಟರು, ಮೂರು ಸಲವೂ ಸಿಕ್ಕಿತು.

ನಿಮ್ಮ ಫೋನಿನಲ್ಲೂ ಅದೇ ಆ್ಯಪ್ ಇದೆ ಎಂದು ಪಂಚಶೀಲಾ ಹೇಳುತ್ತಾಳೆ. ಆಕೆ ಹೇಳಿದಂತೆ ಬರೆಯುತ್ತೇನೆ. ಕೌದಿಯನ್ನು ಮಂಚದ ಮೇಲಲ್ಲ, ಬರೀ ಕಲ್ಲುನೆಲಕ್ಕೆ ಹಾಸಬೇಕು. ಮೈಮೇಲೆ ಪಿನ್ನು, ಕೀಲಿ ಏನೂ ಇರಕೂಡದು. ಆ ಸಾಸಿವೆಯಷ್ಟು ಜಾಗಕ್ಕೆ ಇವರೆಲ್ಲ ಟ್ಯಾಬಿನ ಮೂಗು ಎನ್ನುತ್ತಾರೆ. ನಮ್ಮ ಟ್ಯಾಬಿನ ಮೂಗು ಮೇಲಿನ ಎಡಮೂಲೆಯಲ್ಲಿ ಸಿಕ್ಕಿತು. ನಿಮ್ಮ ಫೋನಿನ ಮೂಗು ಎಲ್ಲಿದೆ ಎಂದು ತಲೆಪಿನ್ನಿನಿಂದ ಮೊದಲು ಕಂಡುಕೊಳ್ಳಿರಿ. ಆಮೇಲೆ ಆ ಮೂಗನ್ನು ಅರಿವೆಗೆ ತಾಗಿಸಿ ನಿಧಾನ ಸರಿಸಿರಿ. ಅವಸರ ಮಾಡಿದರೆ ಗೆರೆ ಸುಳ್ಳು ಹೇಳುತ್ತದೆ.

ನಾನೇ ಬರಬೇಕು. ಜೊತೆಯ ಅಡುಗೆಯವಳು ಬಂದಿಲ್ಲ, ಇಡೀ ಶಾಲೆಗೆ ಹಂಚುವ ಸಿಹಿ ಸಿರಾ ಒಲೆಯ ಮೇಲಿದೆ. ಭೀಮು ಹಾರ್ನ್ ಹೊಡೆಯುತ್ತಿದ್ದಾನೆ. ಈ ಸಲ ಹೊಡೆಯಲಿ, ಬೇಗ ಮುಟ್ಟಲಿ. ನಿಮ್ಮ ಕೈಗೇ ಕೊಡಬೇಕೆಂದು ಆಣೆ ಹಾಕಿಸಿದ್ದೇನೆ.

ಹಂಪಮ್ಮ


ಸುರಪುರ
18 ಆಗಸ್ಟ್ 2025

ಹಂಪಕ್ಕಾ,

ಹದಿನೈದನೇ ತಾರೀಖು ಫೋನಿನಲ್ಲಿ ನಾನು "ಸಿಕ್ಕಿತು, ಉಮಾ ಆರಾಮ ಅದಾಳ" ಎಂದಷ್ಟೇ ಹೇಳಿದೆ. ಆ ಕಡೆಯಿಂದ ನಿನ್ನ ಅಳು, ಹಿಂದೆ ಸೌಟಿನ ಸಪ್ಪಳ, ಬೇರೆ ಏನೂ ಕೇಳಲಿಲ್ಲ. ಈಗ ಪೂರ್ತಿ ಬರೆಯುತ್ತೇನೆ.

ನಿನ್ನ ಪತ್ರದ ಮೊದಲನೆಯ ಸಾಲು ಓದಿದಾಗ ನಾನು ಏಳಲಿಲ್ಲ. ಏಳುವ ಅಗತ್ಯ ಇರಲಿಲ್ಲ. ಉಮಾ ಆ ಕೌದಿಯ ಮೇಲೆ ಒಂದು ದಿನವೂ ಮಲಗಿರಲಿಲ್ಲ.

ಕೌದಿ ಬಂದ ದಿನ ನಿನ್ನ ಪತ್ರವನ್ನು ಅವ್ವನಿಗೆ ಕೇಳುವಂತೆ ಓದಿದೆ. ದುಪ್ಪಟ್ಟಾ, ಫ್ರಾಕು ಎನ್ನುವಷ್ಟರಲ್ಲಿ ಆಕೆ, "ಯಾರ ಯಾರ ಮನಿ ಅರಿವಿಯೋ, ಕೂಸಿಗೆ ಬ್ಯಾಡ" ಎಂದು ಮಡಿಕೆ ಬಿಚ್ಚದೆ ಟ್ರಂಕಿಗೆ ಹಾಕಿದಳು. ಭೀಮು ಬಾಗಿಲಲ್ಲೇ ಇದ್ದ. ನಾನು ಜಗಳ ಆಡಬೇಕಿತ್ತು, ಆಡಲಿಲ್ಲ. ನಿನಗೆ ನೋವಾಗಬಾರದೆಂದು, ನೋಡದೇ ಇದ್ದ ಅಂಚಿಗೆ ಬಣ್ಣ ಹಚ್ಚಿದೆ, ಚೀಪದೇ ಇದ್ದ ಮೂಲೆಯನ್ನು ಚೀಪಿಸಿದೆ. ನೀನು ಕೌದಿ ವಾಪಸು ಕೇಳಿದಾಗ ಟ್ರಂಕಿನ ಸುದ್ದಿ ನಿನಗೆ ಮುಟ್ಟಿತೆಂದು ತಿಳಿದು ಸುಳ್ಳನ್ನು ಇನ್ನೂ ದಪ್ಪ ಮಾಡಿದೆ. ನೀನು ನನ್ನ ಹಾಲು ಬತ್ತೀತೆಂದು ಹೆದರಿದೆ, ನಾನು ನಿನ್ನ ಮನಸ್ಸು ಮುರಿದೀತೆಂದು ಹೆದರಿದೆ. ನಮ್ಮಿಬ್ಬರ ಮಧ್ಯೆ ಒಂದೇ ಒಂದು ನಿಜ ಹೇಳಿದ್ದು ಸೂಜಿ.

ಇನ್ನು ಅವ್ವ ಹೇಳಿದ ಸೂಜಿ. ನೀನು ಆಕೆಗೆ ಫೋನು ಹಚ್ಚಿದ ಆ ಗುರುವಾರ ಉಮಾಗೆ ಆರು ವಾರದ ಲಸಿಕೆ ಹಾಕಿಸಿದ್ದೆವು. ತೊಡೆಗೆ ಚುಚ್ಚಿದ್ದು ನರ್ಸಮ್ಮ, ಒಳಗೆ ಹೋದದ್ದು ಔಷಧಿ. ನಮ್ಮ ಊರುಗಳಲ್ಲಿ ಹೊಲಿಗೆಗೂ ಸೂಜಿ, ಜ್ವರಕ್ಕೂ ಸೂಜಿ. ಅವ್ವ ಆ ರಾತ್ರಿ ನನಗೆ, "ಹಂಪಮ್ಮ ಎಷ್ಟು ನೆನಪ ಇಟ್ಟಾಳ ನೋಡು, ಕೂಸಿನ ಸೂಜಿ ಆತೇನು ಅಂತ ಕೇಳಿದ್ಲು" ಎಂದಳು. ನಾನು ನಿನಗೆ ಮನಸ್ಸಿನಲ್ಲೇ ಕೈ ಮುಗಿದು ಮಲಗಿದೆ. ಕೂಸು ಮಲಗಲೆಂದು ಅವ್ವ ಫೋನು ಬಂದ್ ಮಾಡಿದ್ದಳು.

ಪತ್ರ ಓದಿ ಅವ್ವನ ಮುಂದೆ ನಿಂತು, "ಟ್ರಂಕಿನ ಕೀಲಿ ಕೊಡು, ಫೋನೂ ಕೊಡು, ಕೌದ್ಯಾಗ ಸೂಜಿ ಐತಿ" ಎಂದೆ.

"ಫೋನಿನ್ಯಾಗ ಸೂಜಿ ಹುಡುಕತೀಯಾ? ಬಾಣಂತಿ ವಾಯು ನೆತ್ತಿಗೇರೈತಿ" ಎಂದಳು. ಆದರೂ ಕೀಲಿಗೊಂಚಲು ಬಿಡದೆ ತಾನೇ ಟ್ರಂಕು ತೆಗೆದು ಎರಡನ್ನೂ ಕೊಟ್ಟಳು.

ಪಡಸಾಲೆಯ ಪರಸಿಯ ಮೇಲೆ ಕೌದಿ ಬಿಚ್ಚಿದೆ. ಕೆಂಪು ಅಂಚು, ಹಂಪಕ್ಕಾ. ಮೊದಲ ಸಲ ನೋಡಿದೆ. ತಲೆಪಿನ್ನಿನಿಂದ ಫೋನಿನ ಮೂಗು ಹುಡುಕಿದೆ. ಸರಿಸಲು ಹೊರಟರೆ ಗೆರೆ ಹುಚ್ಚು ಹಿಡಿದಂತೆ ಕುಣಿಯುತ್ತದೆ. ನೋಡಿದರೆ ಅವ್ವ ನನ್ನ ಬೆನ್ನ ಹಿಂದೆ ಬಗ್ಗಿದ್ದಾಳೆ, ಸೊಂಟದಲ್ಲಿ ಕೀಲಿಗೊಂಚಲು. "ದೂರ ಸರಿ ಅವ್ವ, ನೀ ಬಂದ್ರ ಗೆರಿ ಕುಣೀತೈತಿ" ಎಂದೆ. ಆಕೆ ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಕೀಲಿಗೊಂಚಲನ್ನು ತೆಗೆದು ಗೂಟಕ್ಕೆ ಹಾಕಿ ಬಂದು ಕೂತಳು. ಸೆರಗು, ದುಪ್ಪಟ್ಟಾ, ಫ್ರಾಕು ಎಲ್ಲ ದಾಟಿದೆ. ಗೆರೆ ಮಲಗಿಯೇ ಇತ್ತು. ಸೊಟ್ಟ ಮೂಲೆಗೆ ಬಂದೆ, ಎದ್ದು ನಿಂತಿತು. ಬ್ಲೇಡಿನಿಂದ ಹೊಲಿಗೆ ಬಿಡಿಸಿದರೆ ನಿನ್ನ ರೊಟ್ಟಿಚೂರು, ಅದರ ಮಗ್ಗುಲಲ್ಲಿ ಸೂಜಿ.

ಅದನ್ನು ಎತ್ತಿ ಬೆಳಕಿಗೆ ಹಿಡಿದೆ. ಆಮೇಲೆ ಅವ್ವ, "ನಾ ಟ್ರಂಕಿನ್ಯಾಗ ಇಟ್ಟಿದ್ದಕ್ಕ ಕೂಸು ಉಳೀತು" ಎಂದಳು.

"ನೀ ಇಟ್ಟಿದ್ದು ಸೂಜಿಗೆ ಅಂಜಿ ಅಲ್ಲ ಅವ್ವ" ಎಂದೆ.

ಆಕೆ ಹಳದಿ ಅರಿವೆಯ ಮೇಲೆ ಬೆರಳಿಟ್ಟು ಕೇಳಿದಳು, "ಇದನ್ನ ಹುಡುಕೂದು ಹೇಳಿಕೊಟ್ಟಾಕಿ ಈ ಫ್ರಾಕಿನ ಹುಡುಗೀನ?"

"ಹೂಂ, ಆಕೀನ."

ಆ ಸಂಜೆ ಉಮಾ ಲಸಿಕೆಯ ನೋವಿಗೆ ಮತ್ತೆ ಅತ್ತಳು. ಅಡುಗೆಮನೆಯಿಂದ ಬಂದು ನೋಡಿದರೆ ಅವ್ವ ಆಕೆಯನ್ನು ಆ ಕೌದಿಯ ಮೇಲೆ ಮಲಗಿಸಿ ತಟ್ಟುತ್ತಿದ್ದಳು, ಬಿಚ್ಚಿದ ಮೂಲೆಯನ್ನು ಕಾಲ ಕಡೆಗೆ ಮಾಡಿ.

ಈಗ ಕೌದಿಯನ್ನು ಭೀಮುವಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಆ ಮೂಲೆ ನೀನೇ ಮುಚ್ಚಬೇಕು. ಜೊತೆಗೆ ಕಾಗದದಲ್ಲಿ ಸುತ್ತಿದ ಆ ಸೂಜಿ, ಇಳಕಲ್ ಸೀರೆಯ ಒಂದು ತುಂಡು ಇವೆ. ಸೀರೆ ಅವ್ವನದು. ನಾನು ಕೇಳಿರಲಿಲ್ಲ, ತಾನೇ ಕತ್ತರಿಸಿ ಕೊಟ್ಟು, "ಮೂಲಿಗೆ ಹಚ್ಚಲಿ, ಗಟ್ಟಿ ಐತಿ" ಎಂದಳು. ಬೇಗ ಕಳಿಸು. ಕೌದಿ ಇಲ್ಲದೆ ಉಮಾ ಕಣ್ಣು ಮುಚ್ಚುವುದಿಲ್ಲ. ಈ ಸಲ ನಿಜ.

ಪಂಚಶೀಲಾಗೆ ಹೇಳು, ಉತ್ತರ ನನಗೆ ಗೊತ್ತಿದ್ದ ಎಷ್ಟೋ ಪ್ರಯೋಗ ಮಾಡಿಸಿದ್ದೇನೆ. ಉತ್ತರ ಏನು ಬರುವುದೋ ಎಂದು ಕೈ ನಡುಗುತ್ತ ಮಾಡಿದ್ದು ಇದೊಂದೇ. ಅದನ್ನು ನನಗೆ ಕಲಿಸಿದವಳು ಆಕೆ, ಬರೆದು ಕಳಿಸಿದವಳು ನೀನು.

ಶಾಂಭವಿ


ಗೋಗಿ
25 ಆಗಸ್ಟ್ 2025

ಶಾಂಭವಿ ಅಕ್ಕೋರಿಗೆ ಹಂಪಮ್ಮನ ಶರಣು.

ಟ್ರಂಕಿನ ಮಾತು ಓದಿದಾಗ ನನಗೆ ನೋವಾಯಿತು. ಇಲ್ಲ ಎಂದರೆ ಅದೂ ಒಂದು ಸುಳ್ಳಾಗುತ್ತದೆ, ನಮ್ಮಿಬ್ಬರ ಸುಳ್ಳು ಸಾಕಷ್ಟಾಗಿದೆ. ಒಲೆಗೆ ಕಟ್ಟಿಗೆ ತುರುಕುತ್ತ ಸ್ವಲ್ಪ ಹೊತ್ತು ಸಿಟ್ಟಿನಲ್ಲೇ ಇದ್ದೆ. ಆಮೇಲೆ ಆ ಟ್ರಂಕು ಇರದಿದ್ದರೆ ಎಂದು ನೆನೆಸಿದೆ. ನೆನೆಸಿ, ಸುರಪುರ ಯಾವ ಕಡೆ ಇದೆಯೋ ಆ ಕಡೆಗೆ ತಿರುಗಿ ಟ್ರಂಕಿಗೆ ಕೈ ಮುಗಿದೆ. ನಿಮ್ಮವ್ವನಿಗೂ ಮುಗಿದೆ. ಯಾವ ಕಾರಣಕ್ಕೆ ಇಟ್ಟರೋ ಅದು ಅವರ ಹತ್ತಿರ ಇರಲಿ. ಕೂಸು ಉಳಿದದ್ದು ನನಗೆ ಸಾಕು.

ನಿಮ್ಮ ಪತ್ರವನ್ನು ಹುಡುಗಿಯರಿಗೆ ಓದಿ ಹೇಳಿದೆ. ಯಾರ ಮನೆ ಅರಿವೆಯೋ ಎಂಬ ಸಾಲು ಬಂದಾಗ ಕಣ್ಣು ಮಂಜಾಯಿತೆಂದು ಹೇಳಿ ಅಷ್ಟು ಬಿಟ್ಟು ಮುಂದೆ ಓದಿದೆ. ಪಂಚಶೀಲಾ ನನ್ನ ಮುಖ ನೋಡಿದಳು. ಆಕೆಗೆ ತಿಳಿಯಿತೋ ಇಲ್ಲವೋ. ಕೊನೆಯ ಮಾತು ಮಾತ್ರ ಎರಡು ಸಲ ಓದಿಸಿಕೊಂಡಳು. "ಅಕ್ಕೋರ ಕೈ ನಡುಗಿತ್ತಂತ?" ಎಂದು ಕೇಳಿ ನಗುತ್ತ ಓಡಿಹೋದಳು.

ಸರ್ ಈಗ ಕಪಾಟಿನ ಕೀಲಿಯನ್ನು ಮೊಳೆಗೆ ತೂಗುಹಾಕಿದ್ದಾರೆ. ಯಾರು ಬೇಕಾದರೂ ಕೇಳಿ ಟ್ಯಾಬು ತೆಗೆಯಬಹುದು. ಊರಲ್ಲಿ ಸುದ್ದಿ ಹಬ್ಬಿ, ಮಮ್ತಾಜ ತನ್ನ ಕಳೆದುಹೋದ ಕಿವಿಯೋಲೆ ಹುಡುಕಿಕೊಡಿರೆಂದು ಬಂದಿದ್ದಳು. ಬಂಗಾರದ ವಾಸನೆ ಈ ಮೂಗಿಗೆ ಹತ್ತುವುದಿಲ್ಲ, ಕಬ್ಬಿಣದ್ದೇ ಬೇಕು ಎಂದು ಹುಡುಗಿಯರು ಅವಳಿಗೆ ಪಾಠ ಮಾಡಿದರು. "ಬಡವರ ಮೂಗು ಅನ್ರಿ ಹಂಗಾರ" ಎಂದು ಆಕೆ ಹೋದಳು.

ಮೂಲೆ ಮುಚ್ಚಿದ್ದೇನೆ. ಭೀಮುವಿಗೆ ಮೊದಲೇ ಹೇಳಿದ್ದೆ, ಹಾರ್ನ್ ಮುಟ್ಟಿದರೆ ಕೈ ಮುರಿಯುತ್ತೇನೆಂದು. ಗಾಡಿ ನಿಲ್ಲಿಸಿ ಬಂದು ಸುಮ್ಮನೆ ಕಟ್ಟೆಯ ಮೇಲೆ ಕೂತ. ಹೊಸ ರೊಟ್ಟಿಚೂರು ಇಟ್ಟೆ. ನಿಮ್ಮವ್ವನ ಇಳಕಲ್ ತುಂಡನ್ನು ಮೇಲೆ ಹಚ್ಚಿದೆ. ಅದು ಹಳದಿ ಫ್ರಾಕಿನ ಮಗ್ಗುಲಿಗೆ ಬಂದಿದೆ, ನಾನು ಬೇಕೆಂದು ಇಟ್ಟದ್ದಲ್ಲ, ಮೂಲೆ ಇದ್ದದ್ದೇ ಅಲ್ಲಿ. ಈ ಸಲ ಹೊಲಿಗೆ ನೆಟ್ಟಗಿದೆ. ಸೂಜಿಗಳೆಲ್ಲ ಡಬ್ಬಿಯಲ್ಲಿವೆ, ನೀವು ಕಳಿಸಿದ ಆ ಒಂದು ಸಹ. ಅದನ್ನು ಪಂಚಶೀಲಾ ಕೇಳಿದಳು, ಮುಂದಿನ ವರ್ಷದ ಹುಡುಗರಿಗೆ ಬೇಕಂತೆ. ಕೊಟ್ಟುಬಿಡುತ್ತೇನೆ.

ಆದರೂ ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಮಡಚುವ ಮೊದಲು ಕೌದಿಯನ್ನು ತರಗತಿಯ ಕಲ್ಲುನೆಲಕ್ಕೆ ಹಾಸಿ, ಪಿನ್ನು ತೆಗೆದಿಟ್ಟು, ಟ್ಯಾಬನ್ನು ಈ ಸಲ ನಾನೇ ಹಿಡಿದೆ. ಹುಡುಗಿಯರು ಸುತ್ತ ನಿಂತಿದ್ದರು. ಅಂಚಿನಿಂದ ಅಂಚಿಗೆ, ಮೂಲೆಯಿಂದ ಮೂಲೆಗೆ, ನಿಮ್ಮವ್ವನ ಸೀರೆಯ ಮೇಲೂ ನಿಧಾನ ಸರಿಸಿದೆ.

ಗೆರೆ ಮಲಗಿಯೇ ಇತ್ತು, ಅಕ್ಕೋರೆ. ಕೂಸೂ ಹಾಗೆಯೇ ಮಲಗಲಿ.

ಹಂಪಮ್ಮ